ಕ್ಯಾನ್ಸರ್ ಕೋಶ ರೂಪುಗೊಳ್ಳುವ ಬಗೆ

ಎರಡಾಗಿ ಒಡೆಯುವ ಮುನ್ನ ಜೀವಕೋಶ ತನ್ನ ಡಿಎನ್‌ಎಯನ್ನು ಮೊದಲಿನಿಂದ ಕೊನೆಯವರೆಗೆ ನಕಲು ಮಾಡಿಕೊಳ್ಳುತ್ತದೆ. ತಾಯಿಯಿಂದ ಬಂದ ಸುಮಾರು 300 ಕೋಟಿ ಅಕ್ಷರಗಳು, ತಂದೆಯಿಂದಲೂ ಅಷ್ಟೇ. ಇಷ್ಟನ್ನು ಬರೆಯುವಾಗ ತಪ್ಪು ನುಸುಳುವುದು ಸಹಜ. ಬಹುಪಾಲು ತಪ್ಪುಗಳನ್ನು ಕೋಶದೊಳಗಿನ ಕಿಣ್ವಗಳೇ ಹುಡುಕಿ ತಿದ್ದುತ್ತವೆ. ತಿದ್ದದೆ ಉಳಿದದ್ದು ಆ ಕೋಶದಿಂದ ಹುಟ್ಟುವ ಎಲ್ಲ ಕೋಶಗಳಿಗೂ ಹರಿದುಹೋಗುತ್ತದೆ. ಇದೇ ಉತ್ಪರಿವರ್ತನೆ, ಅಂದರೆ ಮ್ಯುಟೇಶನ್. ತಂಬಾಕಿನ ಹೊಗೆಯಲ್ಲಿರುವ ಬೆಂಜೊಪೈರಿನ್ ದೇಹದೊಳಗೆ ಮಾರ್ಪಟ್ಟು ಡಿಎನ್‌ಎಯ ಜಿ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಬಿಸಿಲಿನ ನೇರಳಾತೀತ ಕಿರಣ ಅಕ್ಕಪಕ್ಕದ ಅಕ್ಷರಗಳನ್ನು ಬೆಸೆಯುತ್ತದೆ. ಎರಡರಿಂದಲೂ ನಕಲು ಕೆಡುತ್ತದೆ. ಆದರೆ ಬೀಡಿ ಮುಟ್ಟದವರ ದೇಹದಲ್ಲೂ ವಯಸ್ಸಿನೊಂದಿಗೆ ತಪ್ಪುಗಳು ಕೂಡುತ್ತಲೇ ಹೋಗುತ್ತವೆ. ಹೆಚ್ಚಿನವು ನಿರುಪದ್ರವಿ. ಕೋಶವಿಭಜನೆಯನ್ನು ಆಳುವ ಜೀನ್‌ಗಳು ಕೆಟ್ಟಾಗ ಕಥೆ ಬೇರೆ.

ಅಂಥ ಜೀನ್‌ಗಳಲ್ಲಿ ರಾಸ್ ಒಂದು. ಇದರ ಪ್ರೋಟೀನು ಜಿಟಿಪಿ ಎಂಬ ಅಣುವನ್ನು ಹಿಡಿದುಕೊಂಡಿರುವಷ್ಟು ಹೊತ್ತು 'ಬೆಳೆ' ಎಂಬ ಸಂದೇಶ ಕಳಿಸುತ್ತದೆ. ಆ ಅಣುವನ್ನು ಸೀಳಿದೊಡನೆ ಸುಮ್ಮನಾಗುತ್ತದೆ. ಮನುಷ್ಯರ ಮೂತ್ರಕೋಶದ ಕ್ಯಾನ್ಸರ್‌ನಿಂದ ಬೆಳೆಸಿದ ಕೋಶಗಳ ರಾಸ್ ಜೀನನ್ನು 1982ರಲ್ಲಿ ಸಹಜ ಜೀನಿನೊಂದಿಗೆ ಹೋಲಿಸಿದಾಗ ಕಂಡದ್ದು ಒಂದೇ ಅಕ್ಷರದ ವ್ಯತ್ಯಾಸ: ಜಿ ಇರಬೇಕಾದಲ್ಲಿ ಟಿ. ಇದರಿಂದ ಪ್ರೋಟೀನಿನ 12ನೇ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸಿನ್ ಹೋಗಿ, ಗಾತ್ರದಲ್ಲಿ ದೊಡ್ಡದಾದ ವ್ಯಾಲಿನ್ ಬಂದಿತ್ತು. ಅದು ಅಡ್ಡವಾಗಿ ಕೂತದ್ದರಿಂದ ಜಿಟಿಪಿಯನ್ನು ಸೀಳುವ ಕೆಲಸ ಸರಿಯಾಗಿ ನಡೆಯದು, ಸಂದೇಶವೂ ನಿಲ್ಲದು. ಹೀಗೆ ಕೆಟ್ಟು ಅತಿಯಾಗಿ ದುಡಿಯುವ ಜೀನ್‌ಗಳಿಗೆ ಆಂಕೊಜೀನ್ ಎಂದು ಹೆಸರು. ಜೋಡಿಯಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು.

ವಿಭಜನೆಯನ್ನು ತಡೆಯುವ ಜೀನ್‌ಗಳ ವಿಷಯ ಹಾಗಲ್ಲ. ಮಕ್ಕಳ ಅಕ್ಷಿಪಟಲದಲ್ಲಿ ಬೆಳೆಯುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್‌ನ 48 ಪ್ರಕರಣಗಳನ್ನು ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್‌ಸನ್ 1971ರಲ್ಲಿ ಲೆಕ್ಕ ಹಾಕಿದರು. ಎರಡೂ ಕಣ್ಣಿಗೆ ಗಡ್ಡೆಯಾದ ಮಕ್ಕಳಲ್ಲಿ ರೋಗ ಬಹಳ ಬೇಗ ಕಾಣಿಸಿಕೊಂಡಿತ್ತು. ಒಂದೇ ಕಣ್ಣಿಗೆ ಆದವರಲ್ಲಿ ತಡವಾಗಿ. ಒಂದು ಜೀನಿನ ಎರಡೂ ಪ್ರತಿಗಳು ಕೆಟ್ಟರಷ್ಟೇ ಗಡ್ಡೆ ಹುಟ್ಟುತ್ತದೆ, ಮೊದಲ ಗುಂಪಿನ ಮಕ್ಕಳು ಒಂದು ಕೆಟ್ಟ ಪ್ರತಿಯೊಂದಿಗೇ ಹುಟ್ಟಿರುತ್ತಾರೆ ಎಂದು ಅವರು ಊಹಿಸಿದರು. 13ನೇ ವರ್ಣತಂತುವಿನಲ್ಲಿರುವ ಆ ಆರ್‌ಬಿ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ. ಪ್ರಯೋಗಾಲಯದ ಉಪಕರಣವಿಲ್ಲದೆ, ಬರಿಯ ವಯಸ್ಸಿನ ಲೆಕ್ಕದಿಂದ ಹೊರಟ ಊಹೆ ಇಷ್ಟು ನಿಖರವಾದದ್ದು ವೈದ್ಯಕೀಯ ಇತಿಹಾಸದಲ್ಲಿ ಅಪರೂಪ.

ಇದೇ ಬಗೆಯ ಮತ್ತೊಂದು ಜೀನ್ 17ನೇ ವರ್ಣತಂತುವಿನ ಪಿ53. ಡಿಎನ್‌ಎಗೆ ಪೆಟ್ಟು ಬಿದ್ದರೆ ಇದರ ಪ್ರೋಟೀನು ವಿಭಜನೆಯನ್ನು ತಡೆದು ದುರಸ್ತಿಗೆ ಸಮಯ ಕೊಡುತ್ತದೆ. ದುರಸ್ತಿಯಾಗದಿದ್ದರೆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ.

ಸಾಮಾನ್ಯವಾಗಿ ಒಂದೇ ತಪ್ಪಿನಿಂದ ಕ್ಯಾನ್ಸರ್ ಆಗದು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಈ ಸರಣಿ ಸ್ಪಷ್ಟವಾಗಿ ಕಾಣುತ್ತದೆ. ಹಲವು ಸಲ ಮೊದಲು ಎಪಿಸಿ ಜೀನ್ ಕೆಟ್ಟು ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಚಿಕ್ಕ ಗಂಟು ಮೂಡುತ್ತದೆ. ಅದರೊಳಗಿನ ಒಂದು ಕೋಶದಲ್ಲಿ ರಾಸ್ ಕೆಟ್ಟರೆ ಅದರ ಸಂತತಿ ಉಳಿದವನ್ನು ಹಿಂದಿಕ್ಕಿ ಬೆಳೆಯುತ್ತದೆ. ಆ ಸಂತತಿಯಲ್ಲೇ ಮುಂದೆ ಪಿ53 ಕೈಕೊಡಬಹುದು. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆಯೇ ಇಲ್ಲಿ ಒಂದು ದೇಹದೊಳಗೆ ನಡೆಯುತ್ತದೆ. ಹತ್ತಾರು ವರ್ಷ ಹಿಡಿಯುವ ಈ ಪಯಣವನ್ನು ಹೆಚ್ಚಿನ ಪಾಲಿಪ್‌ಗಳು ಮುಗಿಸುವುದೇ ಇಲ್ಲ. ಮುಗಿಸಿದ ಕೋಶಗಳು ಹೊಸ ರಕ್ತನಾಳಗಳನ್ನು ತಮ್ಮೆಡೆಗೆ ಬೆಳೆಸಿಕೊಂಡು, ಪಕ್ಕದ ಅಂಗಾಂಶಕ್ಕೆ ನುಗ್ಗಿ, ರಕ್ತ ಮತ್ತು ದುಗ್ಧರಸದ ಮೂಲಕ ದೂರದ ಅಂಗಗಳಿಗೂ ಹರಡುತ್ತವೆ.

ಗಡ್ಡೆ ಬೆಳೆದ ಮೇಲೂ ಉತ್ಪರಿವರ್ತನೆ ನಿಲ್ಲುವುದಿಲ್ಲ. ಹಾಗಾಗಿ ಒಂದೇ ಗಡ್ಡೆಯ ಕೋಶಗಳು ಒಂದರಂತೆ ಒಂದಿರುವುದಿಲ್ಲ. ಒಂದು ಔಷಧಿಗೆ ಬಹುತೇಕ ಕೋಶಗಳು ಸತ್ತರೂ, ಅದಕ್ಕೆ ಬಗ್ಗದ ಉತ್ಪರಿವರ್ತನೆ ಹೊತ್ತ ಕೆಲವು ಉಳಿದು ಮತ್ತೆ ಬೆಳೆಯುತ್ತವೆ. ಹಲವು ಕ್ಯಾನ್ಸರ್‌ಗಳಿಗೆ ವೈದ್ಯರು ಎರಡು ಮೂರು ಔಷಧಿಗಳನ್ನು ಕೂಡಿಸಿ ಕೊಡುವುದಕ್ಕೆ ಇದೂ ಒಂದು ಕಾರಣ.