ಒಡ್ಡು ಕೊಟ್ಟ ನಡುಗಡ್ಡೆಗಳು

ಶ್ರೀರಂಗಪಟ್ಟಣದ ಪಕ್ಕದಲ್ಲೇ, ಕಾವೇರಿಯ ಮಡಿಲಲ್ಲಿರುವ ರಂಗನತಿಟ್ಟು ಪಕ್ಷಿಧಾಮದ ವಿಸ್ತೀರ್ಣ 0.67 ಚದರ ಕಿಲೋಮೀಟರ್. ಬಂಡೀಪುರ, ನಾಗರಹೊಳೆಗಳ ಮುಂದೆ ಇದು ಒಂದು ಹಿತ್ತಲಿನಷ್ಟು ಜಾಗ. ಆದರೂ ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ಹಾವಕ್ಕಿಗಳು ಇಲ್ಲಿನ ಮರಗಳಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಕೆಳಗೆ ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸಿಕೊಳ್ಳುತ್ತವೆ. ಇದನ್ನು ಪ್ರಕೃತಿಯ ಕೊಡುಗೆ ಎನ್ನುವುದು ರೂಢಿ. ಇತಿಹಾಸ ಹೇಳುವುದು ಬೇರೆ. ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645–48ರ ಸುಮಾರಿಗೆ ಹೊಳೆಗೆ ಅಡ್ಡಲಾಗಿ ಒಡ್ಡು ಎದ್ದಿತು. ನೀರು ನಿಂತು ತಗ್ಗುಗಳು ಮುಳುಗಿ, ದಿಣ್ಣೆಗಳು ನಡುಗಡ್ಡೆಗಳಾದವು. ಮೊಸಳೆ ಈಜುವ ನೀರು ಸುತ್ತಲೂ ಇದ್ದುದರಿಂದ ಬೆಕ್ಕು, ನರಿಗಳ ಕಾಟ ತಪ್ಪಿತು. ಹಕ್ಕಿಗಳಿಗೆ ನೆಲೆ ಸಿಕ್ಕಿತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು.

ಮನುಷ್ಯನ ನೀರಾವರಿಯಿಂದ ಹುಟ್ಟಿದ ಜಾಗವನ್ನು ಆ ನೀರಾವರಿಯಿಂದ ಬೇರ್ಪಡಿಸಿ ಕಾಯಲು ಬರುವುದಿಲ್ಲ. ರಂಗನತಿಟ್ಟಿನ ಉಳಿವು ಅದರ ಬೇಲಿಯೊಳಗಿಲ್ಲ, ಸುತ್ತಲಿನ ಗದ್ದೆ, ನಾಲೆ, ಕೆರೆಗಳಲ್ಲಿದೆ. ಬಾಯಿಕಳಕವನ್ನೇ ನೋಡಿ. ಬೆಳೆದ ಹಕ್ಕಿಯ ಕೊಕ್ಕಿನ ಎರಡು ದಳಗಳ ನಡುವೆ ಮುಚ್ಚಿದಾಗಲೂ ಒಂದು ಸಂದು ಉಳಿಯುತ್ತದೆ. ಮರಿಯಾಗಿದ್ದಾಗ ಅದು ಇರುವುದಿಲ್ಲ, ಬೆಳೆಯುತ್ತ ಮೂಡುತ್ತದೆ. ಇದರ ಮುಖ್ಯ ಆಹಾರ ಬಸವನಹುಳು. ಕೆಸರಿನಲ್ಲಿ ಕೊಕ್ಕು ಆಡಿಸಿ ಹುಳುವನ್ನು ಹುಡುಕಿ, ಕೆಳಗಿನ ಕೊಕ್ಕಿನ ತುದಿಯನ್ನು ಚಿಪ್ಪಿನೊಳಕ್ಕೆ ತೂರಿಸಿ, ಅಂಟಿಕೊಂಡ ಸ್ನಾಯುವನ್ನು ಕತ್ತರಿಸಿ ಮಾಂಸವನ್ನಷ್ಟೇ ಎಳೆದುಕೊಳ್ಳುತ್ತದೆ. ಅಷ್ಟು ಬಸವನಹುಳುಗಳನ್ನು ಆ ಪುಟ್ಟ ತಿಟ್ಟುಗಳು ಎಲ್ಲಿಂದ ಕೊಟ್ಟಾವು? ವಿರಿಜಾ, ಚಿಕ್ಕದೇವರಾಯಸಾಗರದಂಥ ಹಳೆಯ ನಾಲೆಗಳಿಂದ ನೆನೆಯುವ ಭತ್ತದ ಗದ್ದೆಗಳೇ ಈ ಹಕ್ಕಿಗಳ ಊಟದ ಮನೆ. ಗದ್ದೆಗೆ ವಿಷ ಬಿದ್ದರೆ, ಗದ್ದೆ ಬಡಾವಣೆಯಾದರೆ, ಪಕ್ಷಿಧಾಮದ ಒಂದು ಕೊಂಬೆಯನ್ನೂ ಯಾರೂ ಮುಟ್ಟದಿದ್ದರೂ ಗೂಡು ಬರಿದಾಗುತ್ತದೆ. 2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ಪಟ್ಟಿ ಸೇರಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವಾದಾಗ ಗುರುತಿಸಿದ ವ್ಯಾಪ್ತಿ ಸುಮಾರು 517 ಹೆಕ್ಟೇರ್, ಅಂದರೆ ಪಕ್ಷಿಧಾಮದ ಏಳೆಂಟು ಪಟ್ಟು. ಹೊರಗಿನದೂ ಈ ಜಾಗದ್ದೇ ಎಂಬ ಅರಿವು ಕಾಗದದ ಮೇಲಾದರೂ ಬಂದಿದೆ.

ಹಕ್ಕಿಗಾಗಿ ರೈತನ ಕೈ ಕಟ್ಟಬೇಕೇ ಎಂಬ ಆಕ್ಷೇಪ ಸಹಜ. ಆದರೆ ಇಲ್ಲಿ ಹಕ್ಕಿಗೆ ಬೇಕಿರುವುದು ಬೇಸಾಯ ನಿಲ್ಲುವುದಲ್ಲ, ಮುಂದುವರಿಯುವುದು. ಮೈಸೂರು–ಬೆಂಗಳೂರು ಹೆದ್ದಾರಿಯ ಆಸುಪಾಸಿನಲ್ಲಿ ನೆಲದ ಬೆಲೆ ಏರುತ್ತಿರುವಾಗ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ರೈತ ರಂಗನತಿಟ್ಟಿನ ಮೊದಲ ಕಾವಲುಗಾರ. ಅವನಿಗೆ ವಿಷ ಕಡಿಮೆ ಬಳಸಲು ನೆರವು, ಬೆಳೆಗೆ ಒಳ್ಳೆಯ ಬೆಲೆ ಸಿಗುವಂತೆ ಮಾಡುವುದೂ ಪಕ್ಷಿಧಾಮದ ಕೆಲಸವೇ ಎಂದು ನಾನು ಭಾವಿಸುತ್ತೇನೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹೊಳೆಯ ಮೇಲ್ಗಡೆ ಕೃಷ್ಣರಾಜಸಾಗರ ಜಲಾಶಯವಿದೆ, ಅದರ ಒಂದೊಂದು ಟಿಎಂಸಿ ನೀರಿಗೂ ಲೆಕ್ಕವಿದೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ವಾಡಿಕೆಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹರಿಯಬೇಕು. ಬೆಂಗಳೂರು, ಮೈಸೂರಿನ ಕುಡಿಯುವ ನೀರೂ ಕಾವೇರಿಯದೇ. ಹೀಗಿರುವಾಗ ಕೊಕ್ಕರೆಗಳಿಗೆಂದು ನೀರು ಕೇಳುವುದು ಸರಿಯೇ? ಕೇಳುತ್ತಿರುವುದು ನೀರನ್ನಲ್ಲ. ಜಲಾಶಯದಿಂದ ಹೊಳೆಗೆ ಬಿಟ್ಟ ನೀರು ರಂಗನತಿಟ್ಟನ್ನು ದಾಟಿಯೇ ಕೆಳಗೆ ಹೋಗುತ್ತದೆ; ಹಕ್ಕಿಗಳಿಂದ ಅದು ಕಡಿಮೆಯಾಗುವುದಿಲ್ಲ. ಕೇಳುತ್ತಿರುವುದು ಬಿಡುವ ಕ್ರಮವನ್ನು. 2018 ಮತ್ತು 2019ರ ಮಳೆಗಾಲದಂತೆ ಕೊಡಗಿನಿಂದ ಪ್ರವಾಹವೇ ಬಂದಾಗ ಅಣೆಕಟ್ಟಿನ ಸುರಕ್ಷತೆಗೆ ಗೇಟು ಎತ್ತಲೇಬೇಕು, ಅದರಲ್ಲಿ ವಾದವಿಲ್ಲ. ಆಗ ತಿಟ್ಟುಗಳು ಮುಳುಗಿ ಮಣ್ಣು ಕೊಚ್ಚಿಹೋದರೆ ಮರಳಿನ ಮೂಟೆ ಪೇರಿಸಿ, ಗಿಡ ನೆಟ್ಟು ಅಂಚನ್ನು ಗಟ್ಟಿಮಾಡಬೇಕು. ಬೇಸಿಗೆಯ ಮಾತು ಹಾಗಲ್ಲ. ಆಗ ಬಿಡುಗಡೆಯ ಹೊತ್ತು, ಪ್ರಮಾಣಗಳನ್ನು ಮೊದಲೇ ತೀರ್ಮಾನಿಸಬಹುದು. ಅಷ್ಟೇ ನೀರನ್ನು ಒಮ್ಮೆಲೇ ನುಗ್ಗಿಸದೆ ಹಂತಹಂತವಾಗಿ ಬಿಡಬಹುದು, ಪಕ್ಷಿಧಾಮದ ಸಿಬ್ಬಂದಿಗೆ ಮುಂಚೆಯೇ ತಿಳಿಸಬಹುದು.

ಈ ಏರ್ಪಾಡಿನಿಂದ ಹೆಚ್ಚು ಉಪಕಾರವಾಗುವುದು ಮರದ ಮೇಲಿನ ಹಕ್ಕಿಗಳಿಗಲ್ಲ, ನದಿ ರೀವಕ್ಕೆ. ಹಳದಿ ಕೊಕ್ಕು, ಕಪ್ಪು ನೆತ್ತಿಯ ಈ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ. ಹೊಳೆ ಇಳಿದ ಬೇಸಿಗೆಯಲ್ಲಿ ಬರಿಯ ಬಂಡೆಯ ಮೇಲಿನ ಸಣ್ಣ ಕುಳಿಯಲ್ಲಿ, ಬಂಡೆಯದೇ ಬಣ್ಣದ ಚುಕ್ಕೆಯ ಮೊಟ್ಟೆಗಳನ್ನಿಟ್ಟು ಕಾವು ಕೂರುತ್ತದೆ. ಕಾವು ಮುಗಿಯಲು ಮೂರು ವಾರ ಬೇಕು. ಮೊಟ್ಟೆಗೂ ನೀರಿಗೂ ನಡುವೆ ಕೆಲವೊಮ್ಮೆ ಇರುವುದು ಒಂದು ಮೊಳ.