ಏರುವ ಕಾವೇರಿ, ಇಳಿಯುವ ವೃಷಭಾವತಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯನ್ನೊಳಗೊಂಡ ಜಿಲ್ಲೆ ರಚನೆಯಾದದ್ದು 2007ರಲ್ಲಿ. 2025ರಲ್ಲಿ ಇದಕ್ಕೆ 'ಬೆಂಗಳೂರು ದಕ್ಷಿಣ' ಎಂಬ ಹೆಸರು ಬಂದಿತು. ಹೆಸರಿನ ನಂಟು ಹೊಸದಿರಬಹುದು, ನೀರಿನ ನಂಟು ಮಾತ್ರ ಬಹಳ ಹಳೆಯದು.

ಕನಕಪುರ ರಸ್ತೆಯಲ್ಲಿ ಪ್ರಯಾಣ ಮಾಡುವಾಗ ಹಾರೋಹಳ್ಳಿಯ ಬಳಿ ಕಾವೇರಿ ನೀರಿನ ದೊಡ್ಡ ಪಂಪ್‌ಹೌಸ್ ಇರುವುದನ್ನು ನೀವು ಗಮನಿಸಿರಬಹುದು. ಅಲ್ಲಿ ನೀರು ಬೆಂಗಳೂರಿನತ್ತ ಏರುತ್ತದೆ. ಇತ್ತ ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ ತಿರುಗಿ ಬೈರಮಂಗಲಕ್ಕೆ ಹೋದರೆ ಕಪ್ಪು ನೀರು, ಬಿಳಿ ನೊರೆ ಮತ್ತು ಮೂಗು ಮುಚ್ಚಿಕೊಳ್ಳುವಂಥ ವಾಸನೆ ಎದುರಾಗುತ್ತವೆ. ಅಲ್ಲಿ ನೀರು ಬೆಂಗಳೂರಿನಿಂದ ಇಳಿದು ಬರುತ್ತದೆ. ಇವೆರಡೂ ಬೇರೆ ಬೇರೆ ನೀರಲ್ಲ. ಹಾರೋಹಳ್ಳಿಯಲ್ಲಿ ಏರಿದ ನೀರಿನ ಒಂದು ಪಾಲೇ ಬೈರಮಂಗಲದಲ್ಲಿ ಇಳಿಯುತ್ತದೆ. ಈ ಏರಿಳಿತದ ಲೆಕ್ಕವನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಮಾಡಬಹುದು. ಮಾಡಿ ನೋಡೋಣ.

ಒಂದು ಬಕೆಟ್ ನೀರಿನ ಬೆಲೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ನಗರದ ನಡುವೆ ದೊಡ್ಡ ನದಿಯಿಲ್ಲ. ಹೀಗಾಗಿ ಶಿವನಸಮುದ್ರಕ್ಕಿಂತ ಮೇಲೆ ಕಾವೇರಿಯಿಂದ ನೀರನ್ನು ತೆಗೆದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಅಲ್ಲಿಂದ ಹಾರೋಹಳ್ಳಿಗೆ, ಅಲ್ಲಿಂದ ತಾತಗುಣಿಗೆ, ಅಲ್ಲಿಂದ ನಗರಕ್ಕೆ ಹೀಗೆ ಮೂರು ಮೆಟ್ಟಿಲುಗಳಲ್ಲಿ ಎತ್ತಲಾಗುತ್ತದೆ. ಕೊಳವೆಯ ಉದ್ದ ಸುಮಾರು 100 ಕಿಲೋಮೀಟರ್, ಏರಬೇಕಾದ ಎತ್ತರ ಸುಮಾರು 500 ಮೀಟರ್.

ಮೊದಲ ಹಂತ 1974ರಲ್ಲಿ ಪೂರ್ಣಗೊಂಡಾಗ ಬಂದ ನೀರು ದಿನಕ್ಕೆ 13.5 ಕೋಟಿ ಲೀಟರ್. 2012ರ ಹೊತ್ತಿಗೆ ಅದು ಸುಮಾರು 145 ಕೋಟಿ ಲೀಟರಿಗೆ ಏರಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದ ಸಾಮರ್ಥ್ಯ ಇನ್ನೂ 77.5 ಕೋಟಿ ಲೀಟರ್. ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್.

ಒಂದು ವಸ್ತುವನ್ನು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿಯು ಅದರ ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಇವುಗಳ ಗುಣಲಬ್ಧ. 15 ಲೀಟರ್ ಹಿಡಿಯುವ ಬಕೆಟ್ಟಿನ ನೀರಿನ ರಾಶಿ 15 ಕಿಲೋಗ್ರಾಂ. ಅಂದರೆ 15 × 9.8 × 500 = 73,500 ಜೂಲ್. 10 ವಾಟಿನ ಎಲ್‌ಇಡಿ ದೀಪವನ್ನು ಈ ಶಕ್ತಿಯಿಂದ ಎರಡು ಗಂಟೆ ಉರಿಸಬಹುದು. ಬೆಂಗಳೂರಿನ ಬಚ್ಚಲಿನಲ್ಲಿ ಒಂದು ಬಕೆಟ್ ಕಾವೇರಿ ನೀರನ್ನು ಸುರಿದಾಗ, ಎರಡು ಗಂಟೆ ಉರಿಯುವ ದೀಪವೊಂದನ್ನು ಬಳಸಿ ಮುಗಿಸಿದಂತಾಯಿತು.

ಇದು ಆದರ್ಶ ಲೆಕ್ಕ. ಕೊಳವೆಯಲ್ಲಿ ಘರ್ಷಣೆಯಿದೆ, ಪಂಪು ಮತ್ತು ಮೋಟಾರುಗಳಲ್ಲಿ ನಷ್ಟವಿದೆ. ಎಲ್ಲ ಸೇರಿ ದಕ್ಷತೆ ಶೇಕಡ 75 ಎಂದು ಇಟ್ಟುಕೊಂಡರೆ, ಸಾವಿರ ಲೀಟರ್ ನೀರನ್ನು ಬೆಂಗಳೂರಿಗೆ ಏರಿಸಲು ಸುಮಾರು 1.8 ಯೂನಿಟ್ ವಿದ್ಯುತ್ ಬೇಕು. ಎಲ್ಲ ಹಂತಗಳೂ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ದಿನವೊಂದಕ್ಕೆ ಸುಮಾರು 40 ಲಕ್ಷ ಯೂನಿಟ್. 1902ರಲ್ಲಿ ಶಿವನಸಮುದ್ರದಲ್ಲಿ ಇದೇ ಕಾವೇರಿ ಧುಮುಕಿ ವಿದ್ಯುತ್ತನ್ನು ಕೊಟ್ಟಿತು. ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಇಂದು ಅದೇ ಪರಿಸರದಿಂದ ನೀರನ್ನು ಮೇಲೆತ್ತಲು ನಾವು ವಿದ್ಯುತ್ತನ್ನು ಕೊಡುತ್ತಿದ್ದೇವೆ.

ಹತ್ತಿರದ ನೀರು ಏನಾಯಿತು?

ಇಷ್ಟು ದೂರದಿಂದ ನೀರು ತರುವ ಮೊದಲು ಬೆಂಗಳೂರು ಹತ್ತಿರದ ಅರ್ಕಾವತಿಯನ್ನೇ ನಂಬಿತ್ತು. ನಂದಿಬೆಟ್ಟದ ಬಳಿ ಹುಟ್ಟುವ ಈ ನದಿಯ ಹೆಸರಘಟ್ಟ ಕೆರೆಯಿಂದ 1894ರಲ್ಲಿ ನಗರಕ್ಕೆ ನೀರು ಬಂದಿತು. 1933ರಲ್ಲಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ, ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ, ಚಾಮರಾಜಸಾಗರ ಸಿದ್ಧವಾಯಿತು. ಮುಂದೆ ಈ ಎರಡು ಜಲಾಶಯಗಳಿಗೂ ಹರಿದು ಬರುವ ನೀರು ಇಳಿಯುತ್ತ ಹೋಯಿತು.

ಮಳೆ ಕಡಿಮೆಯಾದದ್ದೇ ಇದಕ್ಕೆ ಕಾರಣ ಎಂದು ಹಲವರು ನಂಬಿದ್ದಾರೆ. ಆದರೆ ಬೆಂಗಳೂರಿನ 'ಏಟ್ರೀ' ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಮಳೆಯ ಬದಲಾವಣೆಯಿಂದ ಈ ಕುಸಿತವನ್ನು ವಿವರಿಸಲಾಗದು; ಅಂತರ್ಜಲದ ಅತಿಬಳಕೆ ಮತ್ತು ನೀಲಗಿರಿ ತೋಪುಗಳ ವಿಸ್ತರಣೆ ಇದರ ಮುಖ್ಯ ಕಾರಣಗಳಾಗಿರಬಹುದು ಎಂಬುದು ಅದರ ಸಾರಾಂಶ. ಮಳೆ ನಿಂತ ಮೇಲೂ ಹಳ್ಳಗಳನ್ನು ಹರಿಸುವುದು ಅಂತರ್ಜಲವೇ. ಅದು ಕೊಳವೆಬಾವಿಯ ಆಳಕ್ಕೆ ಇಳಿದಾಗ ಹಳ್ಳ ಬತ್ತುತ್ತದೆ.

ಇಳಿಯುವ ದಾರಿ

ನಗರಕ್ಕೆ ಬಂದ ನೀರಿನಲ್ಲಿ ಸುಮಾರು ಶೇಕಡ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಮೇಲೇರಲು ವಿದ್ಯುತ್ ಬೇಕಿತ್ತು, ಇಳಿಯಲು ಗುರುತ್ವ ಸಾಕು. ದಿಬ್ಬದ ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮ ಮತ್ತು ನೈರುತ್ಯದ ಪಾಲು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂಬ ನಂಬಿಕೆಯಿರುವ ಈ ನದಿ ಕೆಂಗೇರಿಯನ್ನು ದಾಟಿ, 1940ರ ದಶಕದಲ್ಲಿ ನೀರಾವರಿಗಾಗಿ ಕಟ್ಟಿದ ಬೈರಮಂಗಲ ಜಲಾಶಯಕ್ಕೆ ಬರುತ್ತದೆ. ಮುಂದೆ ಸುವರ್ಣಮುಖಿಯೊಡನೆ ಕೂಡಿ ಅರ್ಕಾವತಿಯನ್ನು ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸಿ. ಬೆಂಗಳೂರು ನೀರು ತೆಗೆಯುವುದು ಶಿವನಸಮುದ್ರಕ್ಕಿಂತ ಮೇಲೆ. ತಾನು ಬಳಸಿದ ನೀರನ್ನು ಕಾವೇರಿಗೆ ಬಿಡುವುದು ಅದಕ್ಕಿಂತ ಕೆಳಗೆ. ತಾನು ಕೆಡಿಸಿದ ನೀರು ತನ್ನ ನಲ್ಲಿಗೆ ಎಂದೂ ಮರಳುವುದಿಲ್ಲ. ಹಿಮ್ಮಾಹಿತಿ ಇಲ್ಲದ ವ್ಯವಸ್ಥೆ ತನ್ನನ್ನು ತಾನೇ ತಿದ್ದಿಕೊಳ್ಳಲಾರದು ಎಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು.

ನೊರೆ ಏಳುವುದೇಕೆ?

ಶುದ್ಧ ನೀರನ್ನು ಎಷ್ಟು ಕಲಕಿದರೂ ನೊರೆ ನಿಲ್ಲುವುದಿಲ್ಲ. ನೀರಿನ ಮೇಲ್ಮೈ ಎಳೆತ ಹೆಚ್ಚು. ಗುಳ್ಳೆಯ ತೆಳುಪೊರೆ ಕೂಡಲೆ ಹರಿದುಹೋಗುತ್ತದೆ. ಸೋಪಿನ ಪುಡಿಯಲ್ಲಿರುವ ಮಾರ್ಜಕದ ಅಣುವಿಗೆ ನೀರನ್ನು ಬಯಸುವ ತಲೆ, ನೀರನ್ನು ದ್ವೇಷಿಸುವ ಬಾಲ ಇವೆ. ಈ ಅಣುಗಳು ನೀರಿನ ಮೇಲ್ಮೈಯಲ್ಲಿ ಬಾಲವನ್ನು ಗಾಳಿಗೆ ಚಾಚಿ ಸಾಲುಗಟ್ಟುತ್ತವೆ. ಆಗ ಮೇಲ್ಮೈ ಎಳೆತ ಅರ್ಧಕ್ಕಿಂತ ಕೆಳಗಿಳಿಯಬಲ್ಲದು. ಪೊರೆಯು ಒಂದೆಡೆ ತೆಳುವಾದರೆ ಅಲ್ಲಿ ಮಾರ್ಜಕ ವಿರಳವಾಗಿ, ಎಳೆತ ಹೆಚ್ಚಿ, ಸುತ್ತಲಿನ ದ್ರವ ಅಲ್ಲಿಗೆ ಸೆಳೆಯಲ್ಪಡುತ್ತದೆ. ಪೊರೆ ತನ್ನನ್ನು ತಾನೇ ತೇಪೆ ಹಾಕಿಕೊಳ್ಳುತ್ತದೆ. ಇದು ಮಾರಂಗೋನಿ ಪರಿಣಾಮ. ನೀರು ಧುಮುಕಿ ಗಾಳಿಯನ್ನು ಒಳಗೆಳೆದುಕೊಳ್ಳುವ ಕಡೆಯಲ್ಲೇ ನೊರೆ ಹೆಚ್ಚಲು ಕಾರಣವೂ ಈಗ ತಿಳಿಯುತ್ತದೆ.

ನೊರೆ ಕಣ್ಣಿಗೆ ರಾಚುತ್ತದೆ, ಪತ್ರಿಕೆಗಳಲ್ಲಿ ಅದರ ಚಿತ್ರ ಬರುತ್ತದೆ. ನಿಜವಾದ ತೊಂದರೆ ಇರುವುದು ಕಾಣದ ಎರಡು ಸಂಗತಿಗಳಲ್ಲಿ.

ಉಸಿರು ಕಟ್ಟಿದ ನೀರು

ಮೊದಲನೆಯದು ಆಮ್ಲಜನಕ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಮನೆಗಳ ಕೊಳಚೆಯಲ್ಲಿರುವ ಸಾವಯವ ವಸ್ತುವನ್ನು ಬ್ಯಾಕ್ಟೀರಿಯಗಳು ಅರಗಿಸಲು ಲೀಟರಿಗೆ 200 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಆಮ್ಲಜನಕ ಬೇಕು. ಇದಕ್ಕೆ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿ.ಓ.ಡಿ. ಎಂದು ಹೆಸರು. ಒಂದು ಲೀಟರ್ ಕೊಳಚೆ 25 ಲೀಟರ್ ಒಳ್ಳೆಯ ನೀರಿನ ಉಸಿರನ್ನು ಕಸಿದುಕೊಳ್ಳುತ್ತದೆ ಎಂದಾಯಿತು. ಬೇಸಗೆಯಲ್ಲಿ ವೃಷಭಾವತಿಯಲ್ಲಿ ಹರಿಯುವುದು ಬಹುಪಾಲು ಕೊಳಚೆಯೇ. ಆ 25 ಲೀಟರ್ ಒಳ್ಳೆಯ ನೀರು ಎಲ್ಲಿಂದ ಬರಬೇಕು?

ಗಾಳಿಯಿಂದ ಆಮ್ಲಜನಕ ಬರುವುದಿಲ್ಲವೆ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ನೀರು ಕಲಕುತ್ತಿರಬೇಕು. ಕದಲದ ನೀರಿನಲ್ಲಿ ಆಮ್ಲಜನಕದ ವಿಸರಣೆ ಎಷ್ಟು ನಿಧಾನವೆಂದರೆ, ವಿಸರಣೆಯೊಂದರಿಂದಲೇ ಒಂದು ಮೀಟರ್ ಆಳಕ್ಕೆ ಇಳಿಯಲು ಸುಮಾರು ಎಂಟು ವರ್ಷ ಹಿಡಿಯುತ್ತದೆ! ಅದರ ಮೇಲೆ, ಕೊಳಚೆಯಲ್ಲಿರುವ ರಂಜಕ ಮತ್ತು ಸಾರಜನಕವನ್ನು ಉಂಡು ಬೆಳೆದ ಜಲಕಳೆ ನೀರಿನ ಮೇಲ್ಮೈಯನ್ನೇ ಮುಚ್ಚಿಬಿಡುತ್ತದೆ. ಆಮ್ಲಜನಕ ಮುಗಿದ ಮೇಲೆ ಬೇರೆ ಜಾತಿಯ ಬ್ಯಾಕ್ಟೀರಿಯಗಳು ಕೆಲಸಕ್ಕಿಳಿದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತವೆ. ನೀರು ಮತ್ತು ಕೆಸರು ಕಪ್ಪಾಗುವುದಕ್ಕೆ ಕಬ್ಬಿಣದ ಸಲ್ಫೈಡ್ ಒಂದು ಕಾರಣ.

ಅರಗುವುದು, ಅರಗದಿರುವುದು

ಎರಡನೆಯದು ಇನ್ನೂ ಗಂಭೀರ. ಸಾವಯವ ಕೊಳೆಗೆ ಆಮ್ಲಜನಕ ಮತ್ತು ಕಾಲಾವಕಾಶ ಕೊಟ್ಟರೆ ಅದು ಅರಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಲೋಹಗಳು ಹಾಗಲ್ಲ. ಲೋಹಲೇಪನ ಮುಂತಾದ ಕೈಗಾರಿಕೆಗಳಿಂದ ಬರುವ ಕ್ರೋಮಿಯಂ, ನಿಕ್ಕಲ್, ಸತುಗಳ ಪರಮಾಣುವನ್ನು ಯಾವ ಬ್ಯಾಕ್ಟೀರಿಯವೂ ಒಡೆಯಲಾರದು. ಅವು ನೀರಿನಿಂದ ಕೆಸರಿಗೆ, ಕೆಸರಿನಿಂದ ಹೊಲದ ಮಣ್ಣಿಗೆ ಜಾಗ ಬದಲಿಸಬಲ್ಲವೇ ಹೊರತು ಇಲ್ಲವಾಗುವುದಿಲ್ಲ. ಸಾರಜನಕವೂ ಬಹುಮಟ್ಟಿಗೆ ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯಬಲ್ಲದು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಬೈರಮಂಗಲದ ಕೆಳಗಿನ ರೈತರು ಈ ನೀರನ್ನು ಬಿಡಲೂ ಆರರು, ನೆಚ್ಚಲೂ ಆರರು. ವರ್ಷವಿಡೀ ಹರಿಯುವ, ಗೊಬ್ಬರದ ಅಂಶವಿರುವ ನೀರು ಇನ್ನೆಲ್ಲಿ ಸಿಗುತ್ತದೆ? ಅಲ್ಲಿ ಭತ್ತ ಹಿಂದೆ ಸರಿದು ಬೇಬಿ ಕಾರ್ನ್, ಹಸುಗಳ ಮೇವಿನ ಹುಲ್ಲು ಮತ್ತು ಹಿಪ್ಪುನೇರಳೆ ಮುಂದೆ ಬಂದಿವೆ. ಆ ಮೇವನ್ನು ತಿಂದ ಹಸುವಿನ ಹಾಲು, ಆ ಹೊಲದ ತರಕಾರಿ ಮತ್ತೆ ಪೇಟೆಗೇ ಹೋಗುತ್ತವೆ. ನಗರಕ್ಕೆ ನಲ್ಲಿಯ ಮೂಲಕ ಬಾರದ ಹಿಮ್ಮಾಹಿತಿ ತಟ್ಟೆಯ ಮೂಲಕ ಬರುತ್ತಿದೆ ಎನ್ನಬಹುದು.

ಎಲ್ಲಿ ಜಿಪುಣತನ?

ನಾಯಂಡಹಳ್ಳಿ, ಮೈಲಸಂದ್ರ ಮೊದಲಾದ ಕಡೆ ಶುದ್ಧೀಕರಣ ಘಟಕಗಳಿವೆ. ಅವುಗಳ ಕೆಲಸ ಮುಖ್ಯವಾಗಿ ನೀರಿಗೆ ಗಾಳಿಯೂದಿ ಬ್ಯಾಕ್ಟೀರಿಯಗಳಿಗೆ ಉಸಿರು ಕೊಡುವುದು. ಸಾಮಾನ್ಯ ಘಟಕದಲ್ಲಿ ಸಾವಿರ ಲೀಟರ್ ಕೊಳಚೆಗೆ ಇದರ ಖರ್ಚು ಅರ್ಧ ಯೂನಿಟ್ ಆಸುಪಾಸು. ಅದೇ ಸಾವಿರ ಲೀಟರನ್ನು ಮೇಲೆ ತರಲು ನಾವು 1.8 ಯೂನಿಟ್ ಖರ್ಚು ಮಾಡಿದೆವು. ತರುವ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಶಕ್ತಿಯಲ್ಲಿ ನೀರನ್ನು ನದಿಗೆ ಯೋಗ್ಯವಾಗಿ ಹಿಂತಿರುಗಿಸಬಹುದು. ಹೀಗಿರುವಾಗ ಕೊಳಚೆಯೆಲ್ಲ ಘಟಕವನ್ನು ಮುಟ್ಟದೆ ಮಳೆನೀರಿನ ಕಾಲುವೆಗಳಿಗೆ ಬೀಳುವುದನ್ನು ತಡೆಯದಿರುವುದು ಶಕ್ತಿಯ ಅಭಾವದಿಂದಲ್ಲ ಎಂಬುದು ಸ್ಪಷ್ಟ. ಕೈಗಾರಿಕೆಯ ಲೋಹವನ್ನು ಮಾತ್ರ ಆಯಾ ಕಾರ್ಖಾನೆಯಲ್ಲೇ ಹಿಡಿಯಬೇಕು. ಕೊಳಚೆಯೊಂದಿಗೆ ಬೆರೆತ ಮೇಲೆ ಅದನ್ನು ಬೇರ್ಪಡಿಸುವುದು ಬಲು ಕಷ್ಟ.

ಈ ಮಾತು ಬೆಂಗಳೂರಿಗೆ ಮಾತ್ರವಲ್ಲ. ರಾಮನಗರ ಮತ್ತು ಕನಕಪುರ ಪಟ್ಟಣಗಳೂ ಅರ್ಕಾವತಿಯ ದಡದಲ್ಲೇ ಇವೆ. ಚನ್ನಪಟ್ಟಣದ ಕಣ್ವ ಹೊಳೆಯ ನೀರು ಶಿಂಷಾ ಮೂಲಕ ಕಾವೇರಿಗೆ ಹೋಗುತ್ತದೆ. ಮಾಗಡಿ ಸೀಮೆಯಲ್ಲಿ ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳಿವೆ. ನಮ್ಮ ಊರುಗಳೂ ಬೆಳೆಯುತ್ತಿವೆ. ನಮಗಿಂತ ಕೆಳಗೆ ಇನ್ನೊಂದು ಊರು ಇದ್ದೇ ಇರುತ್ತದೆ.

ಸೂರ್ಯ ಎತ್ತಿಕೊಟ್ಟ ನೀರು

ನಾವು ಎತ್ತಬೇಕಿಲ್ಲದ ನೀರೂ ಒಂದಿದೆ. ಮಳೆನೀರನ್ನು ಸೂರ್ಯನೇ ಬಿಟ್ಟಿಯಾಗಿ ಮೇಲೆತ್ತಿ ನಮ್ಮ ಸೂರಿನ ಮೇಲೆ ಸುರಿಯುತ್ತಾನೆ. ವರ್ಷಕ್ಕೆ 80 ಸೆಂಟಿಮೀಟರ್ ಮಳೆಯಾದರೆ 100 ಚದರ ಮೀಟರ್ ಚಾವಣಿಯ ಮೇಲೆ ಬೀಳುವ ನೀರು 80 ಸಾವಿರ ಲೀಟರ್. ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಉಳಿಸಿದ ಪ್ರತಿ ಬಕೆಟ್ ಕಾವೇರಿ ನೀರೂ ಎರಡು ಕಡೆ ಲಾಭ ತರುತ್ತದೆ: ಹಾರೋಹಳ್ಳಿಯಲ್ಲಿ ವಿದ್ಯುತ್ ಉಳಿಯುತ್ತದೆ, ಕೊಳಚೆ ಘಟಕದ ಮೇಲಿನ ಹೊರೆ ಇಳಿಯುತ್ತದೆ. ಸೋಪಿನ ಪುಡಿಯನ್ನು ಅಳತೆಯಿಟ್ಟು ಬಳಸಿದರೆ ನೊರೆಯೂ ಅಷ್ಟು ಕಡಿಮೆಯಾಗುತ್ತದೆ.

ಶಾಲೆಯಲ್ಲಿ ಮಾಡಿ ನೋಡಿ

ಒಂದು: ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಒಂದು ದಿನ ಬಳಸುವ ನೀರನ್ನು ಬಕೆಟ್ಟಿನ ಲೆಕ್ಕದಲ್ಲಿ ಬರೆಯಲಿ. ಆ ನೀರು ಎಷ್ಟು ಆಳದಿಂದ ಅಥವಾ ಎಷ್ಟು ಕೆಳಗಿನಿಂದ ಬರುತ್ತದೆಂದು ಕೇಳಿ ತಿಳಿಯಲಿ. ಕೊಳವೆಬಾವಿಯಾದರೆ ನೀರಿನ ಮಟ್ಟದಿಂದ ತೊಟ್ಟಿಯವರೆಗಿನ ಎತ್ತರವನ್ನು ಹಿಡಿಯಲಿ. ಮೇಲಿನ ಸೂತ್ರದಿಂದ ಶಕ್ತಿಯನ್ನು ಲೆಕ್ಕಹಾಕಲಿ.

ಎರಡು: ಮೂರು ಸಮನಾದ ಗಾಜಿನ ಸೀಸೆಗಳಲ್ಲಿ ಕೆರೆ ಅಥವಾ ಬಾವಿಯ ನೀರು ತೆಗೆದುಕೊಳ್ಳಿ. ಎರಡನೆಯದಕ್ಕೆ ಒಂದು ಚಮಚ, ಮೂರನೆಯದಕ್ಕೆ ಮೂರು ಚಮಚ ಹಾಲು ಹಾಕಿ. ಪ್ರಯೋಗಾಲಯದ ಮೆಥಿಲೀನ್ ಬ್ಲೂ ದ್ರಾವಣದ ಒಂದೆರಡು ತೊಟ್ಟು ಬೆರೆಸಿ, ಗಾಳಿಗುಳ್ಳೆ ಉಳಿಯದಂತೆ ತುಂಬಿ ಮುಚ್ಚಿ, ನೆರಳಿನಲ್ಲಿಡಿ. ಕೆಲವು ಗಂಟೆಗಳಿಂದ ಒಂದೆರಡು ದಿನಗಳಲ್ಲಿ, ಆಮ್ಲಜನಕ ಬೇಗ ಮುಗಿದ ಸೀಸೆಯಲ್ಲಿ ನೀಲಿ ಬಣ್ಣ ಮೊದಲು ಮಾಯವಾಗುತ್ತದೆ. ಈಗ ಸ್ವಲ್ಪ ನೀರನ್ನು ಚೆಲ್ಲಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ. ಗಾಳಿಯ ಆಮ್ಲಜನಕ ಸೇರಿ ನೀಲಿ ಮರಳುತ್ತದೆ. ಕೊಳಚೆ ನೀರನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಹಾಲಿನಿಂದಲೇ ತತ್ತ್ವ ತಿಳಿಯುತ್ತದೆ.

ಮರಳುವ ಆ ನೀಲಿಯನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಉಸಿರು ಕಟ್ಟಿದ ನೀರಿಗೆ ಉಸಿರು ಕೊಟ್ಟರೆ ಅದು ಚೇತರಿಸಿಕೊಳ್ಳಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ. ನೀರನ್ನು 500 ಮೀಟರ್ ಏರಿಸಲು ಬಲ್ಲ ನಾಡಿಗೆ ಅದನ್ನು ಸ್ವಚ್ಛಗೊಳಿಸಿ ಇಳಿಸುವುದು ಅಸಾಧ್ಯವೇನಲ್ಲ.