ಓಗೊಡದ ದೇಹದೊಳಗಿನ ಅರಿವು

ತಲೆಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಬಳಿ ಕುಳಿತ ಬಂಧುಗಳ ಪ್ರಶ್ನೆ ಒಂದೇ: ಇವರಿಗೆ ನಮ್ಮ ಮಾತು ಕೇಳುತ್ತಿದೆಯೇ? ರೋಗಿಯ ಕಣ್ಣು ತೆರೆದಿರುತ್ತದೆ, ನಿದ್ರೆ ಎಚ್ಚರಗಳು ಸರದಿಯಂತೆ ಬರುತ್ತವೆ, ಆದರೆ ಕರೆದರೆ ಓಗೊಡುವುದಿಲ್ಲ. ವೈದ್ಯರು ಇದನ್ನು ವೆಜಿಟೇಟಿವ್ ಸ್ಥಿತಿ ಎನ್ನುತ್ತಾರೆ. ಈ ಪ್ರಶ್ನೆಯ ಬೆನ್ನು ಹತ್ತಿ ದಶಕಗಳನ್ನು ಕಳೆದವರು ಬ್ರಿಟನ್ ಮೂಲದ ನರವಿಜ್ಞಾನಿ ಏಡ್ರಿಯನ್ ಓವೆನ್.

1997ರಲ್ಲಿ ಕೇಂಬ್ರಿಜ್‌ನಲ್ಲಿ ಅಂತಹ ಒಬ್ಬ ರೋಗಿಗೆ ಮನೆಯವರ ಭಾವಚಿತ್ರಗಳನ್ನು ತೋರಿಸಿ ಅವರು ಮೆದುಳಿನ ಸ್ಕ್ಯಾನ್ ಮಾಡಿದರು. ಮುಖಗಳನ್ನು ಗುರುತಿಸುವ ಭಾಗವು ಆರೋಗ್ಯವಂತರಲ್ಲಿರುವಂತೆಯೇ ಚುರುಕಾಯಿತು. ಆದರೂ ಸಂಶಯ ಉಳಿಯಿತು; ಪರಿಚಿತ ಮುಖಕ್ಕೆ ಮೆದುಳು ತನ್ನಷ್ಟಕ್ಕೆ ತಾನೇ ಮಿಡಿದಿರಲೂಬಹುದಲ್ಲವೇ?

ಆದುದರಿಂದ ಮುಂದೆ ಅವರು ರೋಗಿಗೆ ಕೆಲಸವನ್ನೇ ಒಪ್ಪಿಸಿದರು. ಅಪಘಾತಕ್ಕೀಡಾಗಿದ್ದ 23 ವರ್ಷದ ಮಹಿಳೆಯೊಬ್ಬರಿಗೆ ಟೆನಿಸ್ ಆಡುತ್ತಿರುವಂತೆ, ಅನಂತರ ತಮ್ಮ ಮನೆಯ ಕೋಣೆಗಳಲ್ಲಿ ಸುತ್ತಾಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಲಾಯಿತು. ಮೆದುಳಿನ ಯಾವ ಭಾಗ ದುಡಿಯುವುದೋ ಅಲ್ಲಿಗೆ ಆಮ್ಲಜನಕಯುಕ್ತ ರಕ್ತ ಹೆಚ್ಚಾಗಿ ಹರಿಯುತ್ತದೆ, ಎಂ.ಆರ್.ಐ. ಯಂತ್ರ ಆ ವ್ಯತ್ಯಾಸವನ್ನು ಗ್ರಹಿಸುತ್ತದೆ. ಮೊದಲ ಸೂಚನೆಗೆ ಚಲನೆಯನ್ನು ಯೋಜಿಸುವ ಭಾಗವೂ, ಎರಡನೆಯದಕ್ಕೆ ದಾರಿಯನ್ನು ನೆನೆಯುವ ಭಾಗವೂ ಎಚ್ಚೆತ್ತವು. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2010ರ ವೇಳೆಗೆ 54 ರೋಗಿಗಳಲ್ಲಿ ಐವರು ಹೀಗೆ ಸ್ಪಂದಿಸಿದ್ದರು. ಅವರಲ್ಲೊಬ್ಬರು 'ಹೌದು' ಎನ್ನಲು ಒಂದು ಕಲ್ಪನೆಯನ್ನೂ 'ಇಲ್ಲ' ಎನ್ನಲು ಮತ್ತೊಂದನ್ನೂ ಬಳಸಿ, ತಂದೆಯ ಹೆಸರಿನ ಕುರಿತ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರು! ಓವೆನ್ ಆ ಬಳಿಕ ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 2024ರಲ್ಲಿ ಹಲವು ದೇಶಗಳ ತಂಡವೊಂದು ಆಜ್ಞೆಗೆ ಸ್ಪಂದಿಸದ 241 ರೋಗಿಗಳನ್ನು ಪರೀಕ್ಷಿಸಿದಾಗ ಸುಮಾರು ಕಾಲು ಭಾಗದಷ್ಟು ಜನರಲ್ಲಿ ಇಂತಹ ಗುಪ್ತ ಅರಿವು ಕಂಡುಬಂದಿತು.

ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಅರಿವಿಲ್ಲವೆಂದು ತೀರ್ಮಾನಿಸಲಾಗದು. ಆ ಹೊತ್ತಿಗೆ ರೋಗಿ ನಿದ್ರಿಸಿರಬಹುದು. ಕಂಡುಬಂದರೆ ಗುಣವಾಗುವುದು ಖಚಿತವೆಂದೂ ಅಲ್ಲ. ಹೀಗಾಗಿ ಹಾಸಿಗೆಯ ಬಳಿಯ ವರ್ತನಾ ಪರೀಕ್ಷೆಯ ಮಹತ್ವ ಕುಂದಿಲ್ಲ. ರೋಗಿಯ ಕಣ್ಣೆದುರು ಕನ್ನಡಿಯನ್ನು ನಿಧಾನವಾಗಿ ಸರಿಸಿ, ದೃಷ್ಟಿ ಅದನ್ನು ಹಿಂಬಾಲಿಸುವುದೇ ಎಂದು ನೋಡುವುದು ಅದರ ಒಂದು ಹಂತ. ಕೋಟಿ ಬೆಲೆಯ ಯಂತ್ರದ ಜೊತೆಗೆ ಮುಖ ನೋಡುವ ಕನ್ನಡಿಯೂ ಬೇಕಾಯಿತು! ಇಂತಹ ಕ್ರಮಬದ್ಧ ಪರೀಕ್ಷೆಯಿಂದ, ವೆಜಿಟೇಟಿವ್ ಎಂದು ಪರಿಗಣಿಸಲ್ಪಟ್ಟವರಲ್ಲಿ ಹತ್ತರಲ್ಲಿ ನಾಲ್ವರಿಗೆ ಅಲ್ಪವಾದರೂ ಅರಿವಿತ್ತೆಂದು 2009ರ ಅಧ್ಯಯನವೊಂದು ತೋರಿಸಿತು.

ಮಂಚದ ತಲೆದೆಸೆಯಲ್ಲಿ ನಿಂತು ಆಸ್ಪತ್ರೆಯ ಖರ್ಚು, ಆಸ್ತಿಯ ಪಾಲುಗಳನ್ನು ಚರ್ಚಿಸುವ ರೂಢಿ ನಮ್ಮಲ್ಲಿದೆ. ಅದನ್ನು ಕೋಣೆಯ ಹೊರಗಿರಿಸಿರಿ. ರೋಗಿಯ ಕಣ್ಣು, ಬೆರಳು ಚಲಿಸಿದಂತೆ ಕಂಡರೆ ಸಮಯವನ್ನೂ, ಆಗ ಯಾರು ಏನು ಹೇಳಿದ್ದರೆಂಬುದನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಿರಿ.